ಮದ್ದಿನ ಜೊತೆ ಮಾತೂ ಬೇಕೆಂದ ಡಾ. ಗೋವಿಂದಸ್ವಾಮಿ

ರಾಜಕೀಯ ಜಗಳದಲ್ಲಿ ಎದುರಾಳಿಯನ್ನು ಹೀಯಾಳಿಸೋಕೆ ನಾವು ಸಲೀಸಾಗಿ ಬಳಸೋ ಪದ ‘ಮೆಂಟಲ್’. ಆ ಹಣೆಪಟ್ಟಿ ಹೊತ್ತವರ ಒಳಗೆ ನಿಜಕ್ಕೂ ಏನಾಗ್ತಿದೆ ಅಂತ ತಿಳಿಯಲು ಬದುಕು ಸವೆಸಿದವರು ಡಾ. ಎಂ.ವಿ. ಗೋವಿಂದಸ್ವಾಮಿ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅವರು ಅಡಾಲ್ಫ್ ಮೇಯರ್ ಬಳಿ ಕಲಿತರು. ರೋಗಿಯ ಕಾಯಿಲೆ, ಕೆಲಸ, ಮದುವೆ, ಮನೆಯಲ್ಲಾದ ಸಾವು ಎಲ್ಲವನ್ನೂ ವರ್ಷವಾರು ಬರೆದು ನಡವಳಿಕೆ ಎಲ್ಲಿ ತಿರುಗಿತು ಅಂತ ನೋಡುವುದು ಮೇಯರ್ ದಾರಿ. ವಾಪಸ್ ಬಂದ ಗೋವಿಂದಸ್ವಾಮಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾದರು.

ಆಗ ಇಂದಿನಂಥ ಮಾತ್ರೆಗಳಿರಲಿಲ್ಲ. ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆ ಇಳಿಸಿ ಪ್ರಜ್ಞೆ ತಪ್ಪಿಸೋದು, ಕರೆಂಟ್ ಶಾಕ್ ಕೊಡೋದು ಆ ಕಾಲದ ಚಿಕಿತ್ಸೆ. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಬೆಂಗಳೂರಲ್ಲಿ ನಡೆಯಿತು. ಸರ್ಜನ್ ಬಾಲಕೃಷ್ಣ ರಾವ್ ಜೊತೆ ಗೋವಿಂದಸ್ವಾಮಿ ಅದರ ವರದಿಯನ್ನು 1944ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಈ ಶಸ್ತ್ರಚಿಕಿತ್ಸೆಯನ್ನು ಜಗತ್ತು ಮುಂದೆ ಕೈಬಿಟ್ಟಿತು. ರೋಗಿ ಗಲಾಟೆ ನಿಲ್ಲಿಸಿದ ಅಂದ ಮಾತ್ರಕ್ಕೆ ಗುಣವಾದ ಅಂತಲ್ಲ. ಎಷ್ಟೋ ಜನರ ಉತ್ಸಾಹವೇ ಆರಿಹೋಗಿತ್ತು. ಅವರನ್ನು ಗೌರವಿಸುವವರು ಈ ಪುಟವನ್ನೂ ಓದಲೇಬೇಕು.

ಅಷ್ಟರಲ್ಲಿ ರಸಾಯನಶಾಸ್ತ್ರ ಬೇರೆ ಬಾಗಿಲು ತೆರೆಯಿತು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ನಮ್ಮ ಸರ್ಪಗಂಧದಲ್ಲಿರುವ ರಿಸರ್ಪಿನ್ ಕೊಟ್ಟರು. ಮೊಲಗಳು ಅಲ್ಲಾಡದೆ ಕೂತವು. ಡೋಪಮೀನ್ ಆಗಲು ಬೇಕಾದ ಎಲ್-ಡೋಪಾ ಕೊಟ್ಟಾಗ ಮತ್ತೆ ಓಡಾಡಿದವು. ಮಿದುಳಿನ ರಸಾಯನ ಬದಲಾದರೆ ನಡವಳಿಕೆಯೂ ಬದಲಾಗುತ್ತೆ ಅನ್ನೋದು ಕಣ್ಣಿಗೆ ಕಂಡಿತು.

ಹಾಗಂತ ರಸಾಯನವೇ ಎಲ್ಲವೂ ಅಲ್ಲ. 1954ರಲ್ಲಿ ಬೆಂಗಳೂರಲ್ಲಿ ಶುರುವಾದ, ಇಂದು ನಿಮ್ಹಾನ್ಸ್ ಆಗಿರುವ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ಗೋವಿಂದಸ್ವಾಮಿ ಮೊದಲ ನಿರ್ದೇಶಕರು. ಅಲ್ಲಿ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಒಂದೇ ಸೂರಿನಡಿ ತರಬೇತಾದರು. ಮದ್ದು ಕೊಡುವವರ ಪಕ್ಕದಲ್ಲೇ ಮಾತು ಕೇಳುವವರೂ ಇರಬೇಕು ಅನ್ನೋದು ಅದರ ಅರ್ಥ. 1961ರಲ್ಲಿ ಅವರು ತೀರಿಕೊಂಡರು.

ಆ ಸಂಸ್ಥೆ ಶುರುವಾದಾಗ ಬಸವಕಲ್ಯಾಣದ ಮುಡಬಿ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. 1956ರಲ್ಲಿ ನಮ್ಮೊಂದಿಗೆ ಸೇರಿತು. ಬೆಂಗಳೂರು ಮಾತ್ರ ಇವತ್ತಿಗೂ ಅಲ್ಲಿಂದ ಒಂದು ರಾತ್ರಿಯ ದಾರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರತಿ ಜಿಲ್ಲೆಯಲ್ಲೂ ಸರ್ಕಾರಿ ಸೇವೆ ಇರಬೇಕು ಅನ್ನುತ್ತೆ. ಅರಿವಳಿಕೆ ಇಲ್ಲದ ಶಾಕ್ ಚಿಕಿತ್ಸೆಯನ್ನು ನಿಷೇಧಿಸುತ್ತೆ. ಮತ ಕೇಳೋಕೆ ಬಂದವರನ್ನು ರಸ್ತೆ, ನೀರಿನ ಜೊತೆ ಇದನ್ನೂ ಕೇಳೋಣ: ನಮ್ಮ ತಾಲೂಕಿನಲ್ಲಿ ಮಾತ್ರೆ ಸಿಗುತ್ತಾ? ಕೂತು ಮಾತು ಕೇಳೋರು ಇದ್ದಾರಾ?