ಎಡಿಸನ್ ತಾಯಿ ಆ ಪತ್ರವನ್ನು ಬಚ್ಚಿಟ್ಟಿದ್ದರೇ? ಫಾರ್ವರ್ಡ್ ಹೇಳದೆ ಬಿಟ್ಟ ಕತೆ

ವರ್ಷಕ್ಕೆ ಎರಡು ಸಲವಾದರೂ ಈ ಮೆಸೇಜ್ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದೇ ಬರುತ್ತದೆ. ಒಮ್ಮೆ ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ, ಇನ್ನೊಮ್ಮೆ ತಾಯಂದಿರ ದಿನ. ನಿಮಗೂ ಬಂದಿರುತ್ತದೆ. ಪುಟ್ಟ ಎಡಿಸನ್ ಶಾಲೆಯಿಂದ ಒಂದು ಪತ್ರ ತಂದು ಅಮ್ಮನ ಕೈಗೆ ಕೊಡುತ್ತಾನೆ. ಅಮ್ಮ ಕಣ್ಣೀರು ಹಾಕುತ್ತಾ ಅದನ್ನು ಗಟ್ಟಿಯಾಗಿ ಓದುತ್ತಾಳೆ. ನಿಮ್ಮ ಮಗ ಮಹಾ ಪ್ರತಿಭಾವಂತ, ಅವನಿಗೆ ಕಲಿಸುವಷ್ಟು ಒಳ್ಳೆಯ ಶಿಕ್ಷಕರು ನಮ್ಮಲ್ಲಿಲ್ಲ, ನೀವೇ ಕಲಿಸಿ ಎಂದು ಅದರಲ್ಲಿದೆಯಂತೆ. ಎಷ್ಟೋ ವರ್ಷಗಳ ನಂತರ, ಅಮ್ಮ ತೀರಿಕೊಂಡ ಮೇಲೆ, ಜಗತ್ಪ್ರಸಿದ್ಧ ವಿಜ್ಞಾನಿಯಾದ ಎಡಿಸನ್‌ಗೆ ಹಳೇ ಬೀರುವಿನಲ್ಲಿ ಅದೇ ಪತ್ರ ಸಿಗುತ್ತದೆ. ಅದರಲ್ಲಿ ನಿಜವಾಗಿ ಬರೆದಿದ್ದದ್ದು ನಿಮ್ಮ ಮಗ ಮಾನಸಿಕ ಅಸ್ವಸ್ಥ, ಶಾಲೆಗೆ ಕಳಿಸಬೇಡಿ ಎಂದು. ಎಡಿಸನ್ ಗಂಟೆಗಟ್ಟಲೆ ಅಳುತ್ತಾರೆ. ಕೊನೆಯಲ್ಲಿ ಹತ್ತು ಜನರಿಗೆ ಕಳಿಸಿ ಎಂಬ ಸಾಲು.

ಓದಿದರೆ ಯಾರಿಗಾದರೂ ಗಂಟಲು ಕಟ್ಟುತ್ತದೆ. ಆದರೆ ಅಂಥದ್ದೊಂದು ಪತ್ರ ಇತ್ತೆಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಎಡಿಸನ್ ಅವರೇ ಹೇಳಿಕೊಂಡ ಬಾಲ್ಯದ ಕತೆ ಇದಕ್ಕೆ ಪೂರ್ತಿ ಉಲ್ಟಾ ಇದೆ. ತಾರೀಖುಗಳೂ ಹೊಂದುವುದಿಲ್ಲ. ತಾಯಿ ನ್ಯಾನ್ಸಿ ತೀರಿಕೊಂಡದ್ದು 1871ರ ಏಪ್ರಿಲ್‌ನಲ್ಲಿ. ಆಗ ಎಡಿಸನ್‌ಗೆ 24 ವರ್ಷ. ಫೋನೋಗ್ರಾಫ್ ಬಂದದ್ದು 1877ರಲ್ಲಿ, ಬಲ್ಬು 1879ರಲ್ಲಿ. ತಾಯಿ ಹೋದಾಗ ಮಗ ಟೆಲಿಗ್ರಾಫ್ ವಲಯದಲ್ಲಿ ಹೆಸರು ಮಾಡುತ್ತಿದ್ದ ಯುವಕ ಅಷ್ಟೇ.

ಹಾಗಂತ ಫಾರ್ವರ್ಡ್ ಸುಳ್ಳು ಎಂದು ಕೆಂಪು ಮುದ್ರೆ ಒತ್ತಿ ಕೈತೊಳೆದುಕೊಳ್ಳಲು ನಮಗೆ ಮನಸ್ಸಾಗಲಿಲ್ಲ. ಶಾಲೆಗೆ ಹೋಗುವ ಮಕ್ಕಳ ಮನಸ್ಸಿನ ಬಗ್ಗೆ ನಿಜವಾದ ಕತೆ ಹೇಳುವುದು ಈ ಮೆಸೇಜಿಗಿಂತ ಎಷ್ಟೋ ಹೆಚ್ಚು.

ಮಾತಾಡದ ಹುಡುಗ

ಥಾಮಸ್ ಆಲ್ವಾ ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಾಯೋ ರಾಜ್ಯದ ಮಿಲನ್ ಎಂಬ ಊರಿನಲ್ಲಿ. ಏಳು ಮಕ್ಕಳಲ್ಲಿ ಕೊನೆಯವನು. ಅವರಲ್ಲಿ ಮೂವರು ಚಿಕ್ಕಂದಿನಲ್ಲೇ ತೀರಿಹೋದರು. ಮನೆಯಲ್ಲಿ ಇವನನ್ನು ಕರೆಯುತ್ತಿದ್ದದ್ದು ಆಲ್ ಎಂದು.

ಐದಾರು ವರ್ಷದವನಿದ್ದಾಗ ಆಲ್ ಒಬ್ಬ ಗೆಳೆಯನ ಜೊತೆ ಹಳ್ಳದಲ್ಲಿ ಈಜಾಡಲು ಹೋದ. ಗೆಳೆಯ ನೀರಿನಲ್ಲಿ ಮುಳುಗಿದವನು ಮೇಲೆ ಬರಲಿಲ್ಲ. ಆಲ್ ಸ್ವಲ್ಪ ಹೊತ್ತು ಕಾದು, ಕತ್ತಲಾಗುತ್ತಿದ್ದಂತೆ ಮನೆಗೆ ಬಂದು, ಯಾರಿಗೂ ಏನೂ ಹೇಳದೆ ಇದ್ದುಬಿಟ್ಟ. ರಾತ್ರಿ ಊರವರು ಹುಡುಕಾಡಿ ಬಂದು ಕೇಳಿದ ಮೇಲೆಯೇ ನಡೆದದ್ದು ಹೊರಬಂತು. ಮತ್ತೊಮ್ಮೆ ಬೆಂಕಿ ಏನು ಮಾಡುತ್ತದೆ ನೋಡೋಣ ಎಂದು ಅಪ್ಪನ ಕಣಜಕ್ಕೇ ಕಡ್ಡಿ ಗೀರಿದ. ಅದಕ್ಕೆ ಅಪ್ಪ ಸ್ಯಾಮ್ಯುಯೆಲ್ ಊರ ನಡುವೆ, ಎಲ್ಲರ ಎದುರು ಬಾರಿಸಿದರು. ಈ ಎರಡೂ ಪ್ರಸಂಗಗಳನ್ನು ಎಡಿಸನ್ ಮುದುಕರಾದ ಮೇಲೂ ನೆನೆಯುತ್ತಿದ್ದರು.

ಆ ಹಳ್ಳದ ಪ್ರಸಂಗದ ಮುಂದೆ ನಾವು ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ. ದೊಡ್ಡ ಆಘಾತ ಕಂಡ ಮಗು ಅಳಬೇಕು, ಹೇಳಿಕೊಳ್ಳಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಮಕ್ಕಳು ಅದನ್ನು ಮಾಡುವುದೇ ಇಲ್ಲ. ಊಟ ಮಾಡಿ ಮಲಗುತ್ತಾರೆ. ಅವರಿಗೇನೂ ಅನ್ನಿಸಿಲ್ಲ, ಕಲ್ಲು ಮನಸ್ಸು ಎಂದು ದೊಡ್ಡವರು ತೀರ್ಮಾನಿಸುತ್ತಾರೆ. ಅನ್ನಿಸಿದ್ದನ್ನು ಹೇಳಲು ಐದು ವರ್ಷದ ಮಗುವಿನ ಬಳಿ ಮಾತು ಇರುವುದಿಲ್ಲ. ಹೇಳಿದರೆ ಪೆಟ್ಟು ಬೀಳಬಹುದು ಎಂಬ ಭಯ ಮಾತ್ರ ಇರುತ್ತದೆ.

ಶಾಲೆಯಲ್ಲಿ ನಡೆದದ್ದೇನು?

1854ರಲ್ಲಿ ಕುಟುಂಬ ಮಿಷಿಗನ್ ರಾಜ್ಯದ ಪೋರ್ಟ್ ಹ್ಯೂರನ್‌ಗೆ ಹೋಯಿತು. ರೈಲು ಬೇರೆ ದಾರಿಯಲ್ಲಿ ಬಂದದ್ದರಿಂದ ಮಿಲನ್ ಊರಿನ ಕಾಲುವೆ ವ್ಯಾಪಾರ ಕುಸಿದಿತ್ತು. ಹೊಸ ಊರಿನಲ್ಲಿ ಎಂಗಲ್ ಎಂಬ ಪಾದ್ರಿ ಮತ್ತು ಅವರ ಹೆಂಡತಿ ನಡೆಸುತ್ತಿದ್ದ ಪುಟ್ಟ ಶಾಲೆಗೆ ಆಲ್‌ನನ್ನು ಸೇರಿಸಿದರು. ಆ ಕಾಲದ ಶಾಲೆ ಎಂದರೆ ಬಾಯಿಪಾಠ, ತಪ್ಪಿದರೆ ಬೆತ್ತ. ಕೂತಲ್ಲಿ ಕೂರದ, ಪ್ರಶ್ನೆ ಮೇಲೆ ಪ್ರಶ್ನೆ ಕೇಳುವ ಹುಡುಗನಿಗೆ ಇದು ಒಗ್ಗಲಿಲ್ಲ. ತಾನು ಯಾವಾಗಲೂ ತರಗತಿಯಲ್ಲಿ ಕಟ್ಟಕಡೆಯವನಾಗಿದ್ದೆ ಎಂದು ಎಡಿಸನ್ ಮುಂದೆ ಹೇಳಿಕೊಂಡಿದ್ದಾರೆ.

ಒಂದು ದಿನ ಶಿಕ್ಷಕರು ಶಾಲೆ ನೋಡಲು ಬಂದವರ ಹತ್ತಿರ ಈ ಹುಡುಗನ ತಲೆ ಕೆಟ್ಟಿದೆ, ಇವನನ್ನು ಇಟ್ಟುಕೊಂಡು ಪ್ರಯೋಜನವಿಲ್ಲ ಎನ್ನುವ ಅರ್ಥದ ಮಾತಾಡಿದ್ದು ಆಲ್ ಕಿವಿಗೇ ಬಿತ್ತು. ಅವನು ಅಳುತ್ತಾ ಮನೆಗೆ ಹೋಗಿ ಅಮ್ಮನಿಗೆ ಹೇಳಿದ. ಮದುವೆಗೆ ಮುಂಚೆ ಸ್ವತಃ ಶಾಲಾ ಶಿಕ್ಷಕಿಯಾಗಿದ್ದ ನ್ಯಾನ್ಸಿ ಮಗನನ್ನು ಕರೆದುಕೊಂಡು ನೇರ ಶಾಲೆಗೇ ಹೋದರು. ನಿಮಗಿಂತ ಇವನಿಗೇ ಹೆಚ್ಚು ಬುದ್ಧಿಯಿದೆ ಎಂದು ಶಿಕ್ಷಕರ ಮುಖಕ್ಕೇ ಹೇಳಿ ಮಗನನ್ನು ಬಿಡಿಸಿಕೊಂಡು ಬಂದರು. 1907ರ ಒಂದು ಸಂದರ್ಶನದಲ್ಲಿ ಎಡಿಸನ್ ಹೇಳಿದ್ದರ ಸಾರಾಂಶ ಇದು. ಶಾಲೆಯ ಶುಲ್ಕ ಕಟ್ಟುವುದೂ ಕುಟುಂಬಕ್ಕೆ ಕಷ್ಟವಾಗಿತ್ತು ಎಂದು ಕೆಲವು ಜೀವನಚರಿತ್ರೆಕಾರರು ಸೇರಿಸುತ್ತಾರೆ. ಎಂಟು ವರ್ಷದವನ ನೆನಪನ್ನು ಅರವತ್ತರ ಮನುಷ್ಯ ಹೇಳುವಾಗ ಸ್ವಲ್ಪ ಬಣ್ಣ ಸೇರಿರಲೂಬಹುದು. ಆದರೂ ಎರಡು ಕತೆಗಳ ವ್ಯತ್ಯಾಸ ಗಮನಿಸಿ.

ಫಾರ್ವರ್ಡಿನಲ್ಲಿ ಮಗುವಿಗೆ ಏನೂ ಗೊತ್ತಾಗುವುದಿಲ್ಲ. ನಿಜದಲ್ಲಿ ಮೊದಲು ಗೊತ್ತಾದದ್ದು ಮಗುವಿಗೇ. ನಮ್ಮ ಮಕ್ಕಳಿಗೂ ಹಾಗೆಯೇ. ಹಿಂದಿನ ಬೆಂಚಿನಲ್ಲಿ ಯಾಕೆ ಕೂರಿಸಿದ್ದಾರೆ, ಪೇರೆಂಟ್ಸ್ ಮೀಟಿಂಗ್ ಮುಗಿಸಿ ಬಂದ ಅಪ್ಪ ಯಾಕೆ ಮಾತಾಡುತ್ತಿಲ್ಲ, ಅತ್ತೆಯ ಮಗಳ ಮಾರ್ಕ್ಸ್ ಊಟದ ಹೊತ್ತಿಗೇ ಯಾಕೆ ನೆನಪಾಗುತ್ತದೆ, ಎಲ್ಲವೂ ಅವರಿಗೆ ಗೊತ್ತಾಗುತ್ತದೆ. ದಡ್ಡ ಎಂದು ಯಾರೋ ಕರೆದದ್ದನ್ನು ಮಗುವಿನಿಂದ ಮುಚ್ಚಿಡುವ ಅವಕಾಶ ಅಪ್ಪ ಅಮ್ಮನಿಗೆ ಸಾಮಾನ್ಯವಾಗಿ ಸಿಗುವುದೇ ಇಲ್ಲ. ಮನೆಗೆ ಬಂದು ಹೇಳಿಕೊಳ್ಳುವ ಧೈರ್ಯ ಇದೆಯೇ ಎಂಬುದಷ್ಟೇ ಉಳಿಯುವ ಪ್ರಶ್ನೆ. ಗೆಳೆಯ ಮುಳುಗಿದ ದಿನ ಬಾಯಿಬಿಡದ ಆಲ್, ಈ ದಿನ ಅಮ್ಮನ ಬಳಿ ಹೋಗಿ ಅತ್ತ. ಪತ್ರಕ್ಕಿಂತ ದೊಡ್ಡ ವಿಷಯ ಇದು ಎಂದು ನಮಗೆ ಅನ್ನಿಸುತ್ತದೆ.

ಮನೆ, ನೆಲಮಾಳಿಗೆ, ರೈಲು

ನ್ಯಾನ್ಸಿ ಮನೆಯಲ್ಲೇ ಪಾಠ ಶುರುಮಾಡಿದರು. ಬೆತ್ತವಿಲ್ಲ, ಅವಸರವಿಲ್ಲ. ತಾವೇ ಓದಿ ಹೇಳುತ್ತಿದ್ದ ಪುಸ್ತಕಗಳಲ್ಲಿ ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಇತಿಹಾಸವೂ ಇತ್ತು. ಮಗನ ಒಲವು ಯಾವ ಕಡೆ ಎಂದು ತಿಳಿದ ಮೇಲೆ ಪಾರ್ಕರ್ ಎಂಬುವರ ಭೌತವಿಜ್ಞಾನ ಪಠ್ಯಪುಸ್ತಕ ಕೈಗಿಟ್ಟರು. ಹುಡುಗ ಅದರಲ್ಲಿದ್ದ ಪ್ರಯೋಗಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಮಾಡಿ ನೋಡಿದ. ನೆಲಮಾಳಿಗೆಯಲ್ಲಿ ಸೀಸೆಗಳ ಸಾಲು ಬೆಳೆಯಿತು. ಯಾರೂ ಮುಟ್ಟದಿರಲಿ ಎಂದು ಎಲ್ಲದರ ಮೇಲೂ ವಿಷ ಎಂದು ಚೀಟಿ ಅಂಟಿಸಿದ್ದನಂತೆ. ಮುಂದೆ ಸ್ವಲ್ಪ ಕಾಲ ಊರಿನ ಇನ್ನೊಂದು ಶಾಲೆಗೂ ಹೋದ. ಹಾಗಾಗಿ ಅಮ್ಮ ಒಬ್ಬರೇ ಎಲ್ಲ ಕಲಿಸಿದರು ಎಂಬುದೂ ಸ್ವಲ್ಪ ಉತ್ಪ್ರೇಕ್ಷೆಯೇ.

ಹನ್ನೆರಡನೇ ವಯಸ್ಸಿಗೆ ಪೋರ್ಟ್ ಹ್ಯೂರನ್‌ನಿಂದ ಡೆಟ್ರಾಯಿಟ್‌ಗೆ ಹೋಗುವ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರುವ ಕೆಲಸ. ಬೆಳಿಗ್ಗೆ ಹೋದರೆ ಮನೆ ಸೇರುವುದು ರಾತ್ರಿ. ಗಳಿಸಿದ್ದರಲ್ಲಿ ದಿನಕ್ಕೊಂದು ಡಾಲರ್ ಅಮ್ಮನಿಗೆ. ಸಾಮಾನಿನ ಬೋಗಿಯಲ್ಲೇ ಪುಟ್ಟ ಮುದ್ರಣ ಯಂತ್ರ ಇಟ್ಟು ಸ್ವಂತ ಪತ್ರಿಕೆ ತಂದ, ರಾಸಾಯನಿಕ ಉರುಳಿ ಬೋಗಿಗೆ ಬೆಂಕಿ ಹತ್ತಿಸಿಯೂ ಬಿಟ್ಟ. 1862ರಲ್ಲಿ ಹಳಿಯ ಮೇಲೆ ಆಡುತ್ತಿದ್ದ ಸ್ಟೇಷನ್ ಮಾಸ್ಟರ್ ಮಗನನ್ನು ಕಾಪಾಡಿದ. ಅದರ ಋಣಕ್ಕೆ ಆ ತಂದೆ ಟೆಲಿಗ್ರಾಫ್ ಕಲಿಸಿದರು. ಮುಂದಿನದೆಲ್ಲ ಪಠ್ಯಪುಸ್ತಕದಲ್ಲಿದೆ. (ಹನ್ನೆರಡರ ಹುಡುಗ ದಿನವಿಡೀ ದುಡಿಯುವುದನ್ನು ಸ್ಫೂರ್ತಿಯ ಕತೆ ಎಂದು ಫಾರ್ವರ್ಡ್ ಮಾಡುವವರಿಗೆ ಒಂದು ಮಾತು: ಇಂದು ಅದು ಬಾಲಕಾರ್ಮಿಕ ಪದ್ಧತಿ.)

ಈ ಹೊತ್ತಿಗೆ ಅವನ ಕಿವಿ ಕೇಳುವುದು ತುಂಬಾ ಕಡಿಮೆಯಾಗಿತ್ತು. ರೈಲಿನ ಸಿಬ್ಬಂದಿ ಕಿವಿ ಹಿಡಿದು ಮೇಲೆತ್ತಿದ್ದೇ ಕಾರಣ ಎಂದು ಎಡಿಸನ್ ಹೇಳುತ್ತಿದ್ದರು. ಚಿಕ್ಕಂದಿನ ಜ್ವರ, ಕಿವಿಯ ಸೋಂಕು ಕಾರಣವಿರಬೇಕು ಎನ್ನುವವರೇ ಹೆಚ್ಚು. ಎಡಿಸನ್‌ಗೆ ಎಡಿಎಚ್‌ಡಿ ಇತ್ತು, ಡಿಸ್ಲೆಕ್ಸಿಯಾ ಇತ್ತು ಎಂಬ ಪಟ್ಟಿಗಳೂ ಓಡಾಡುತ್ತವೆ. ಸತ್ತು ತೊಂಬತ್ತು ವರ್ಷ ದಾಟಿದವರಿಗೆ ರೋಗ ನಿರ್ಣಯ ಮಾಡಲು ಬರುವುದಿಲ್ಲ. ಡಿಸ್ಲೆಕ್ಸಿಯಾ ಮಾತಿಗೆ ಆಧಾರವೂ ಕಾಣುವುದಿಲ್ಲ, ಬಾಲಕ ಎಡಿಸನ್ ಪುಸ್ತಕದ ಹುಳುವಾಗಿದ್ದ. ಆದರೆ ಕಿವಿಯ ವಿಷಯ ನಿಜ, ಮತ್ತು ಅದು ಇಂದಿಗೂ ಅನ್ವಯಿಸುತ್ತದೆ. ತರಗತಿಯಲ್ಲಿ ಗಮನವಿಲ್ಲ, ಬರೆದುಕೊಳ್ಳುವುದಿಲ್ಲ, ಕರೆದರೆ ಓಗೊಡುವುದಿಲ್ಲ ಎಂಬ ದೂರು ಬಂದರೆ ಬೈಯುವ ಮೊದಲು ಮಗುವಿನ ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಅವು ಸರಿ ಇದ್ದರೆ ಕಲಿಕಾ ತೊಂದರೆ ಇದೆಯೇ ಎಂದು ತಜ್ಞರಿಂದ ತಿಳಿದುಕೊಳ್ಳಿ. ಅಧಿಕೃತ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿಯೂ ಸಿಗುತ್ತದೆ.

ತಾಯಿ ನ್ಯಾನ್ಸಿಯ ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. ಆಕೆಯ ಮನಸ್ಸು ಸ್ಥಿಮಿತ ತಪ್ಪಿತ್ತು ಎಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಮಗ ಊರೂರು ಅಲೆಯುವ ಟೆಲಿಗ್ರಾಫ್ ಕೆಲಸದಲ್ಲಿದ್ದ. ಎಲ್ಲರ ಭಾರ ಹೊರುವ ಅಮ್ಮನ ಫಾರ್ವರ್ಡ್ ಕತೆಗಳಲ್ಲಿ ಆ ಅಮ್ಮನಿಗೆ ಏನಾಯಿತು ಎಂಬ ಸಾಲು ಮಾತ್ರ ಇರುವುದಿಲ್ಲ.

ಇನ್ನೊಬ್ಬ ಥಾಮಸ್ ಎಡಿಸನ್

ಈ ಕತೆಯ ಉಳಿದ ಅರ್ಧ ಯಾವ ಗ್ರೂಪಿಗೂ ಬರುವುದಿಲ್ಲ.

ಎಡಿಸನ್ ಮೇರಿ ಸ್ಟಿಲ್‌ವೆಲ್ ಅವರನ್ನು ಮದುವೆಯಾದದ್ದು 1871ರ ಕೊನೆಯಲ್ಲಿ. ಮೂವರು ಮಕ್ಕಳು. ಮೊದಲ ಇಬ್ಬರಿಗೆ ಟೆಲಿಗ್ರಾಫ್ ಸಂಕೇತದಿಂದಲೇ ಅಡ್ಡಹೆಸರು: ಮಗಳು ಮೇರಿಯನ್ ಡಾಟ್, ಮಗ ಥಾಮಸ್ ಜೂನಿಯರ್ ಡ್ಯಾಶ್. ಅಪ್ಪ ರಾತ್ರಿ ಹಗಲು ಪ್ರಯೋಗಾಲಯದಲ್ಲಿ, ಎಷ್ಟೋ ಸಲ ಅಲ್ಲಿಯೇ ಬೆಂಚಿನ ಮೇಲೆ ನಿದ್ದೆ. 1884ರಲ್ಲಿ ಮೇರಿ ತೀರಿಕೊಂಡಾಗ ಡ್ಯಾಶ್‌ಗೆ ಎಂಟು ವರ್ಷ, ಅಪ್ಪನನ್ನು ಶಾಲೆಯಲ್ಲಿ ಹೀಯಾಳಿಸಿದಾಗ ಇದ್ದಷ್ಟೇ ವಯಸ್ಸು. ಎರಡು ವರ್ಷದೊಳಗೆ ಅಪ್ಪ ಇಪ್ಪತ್ತರ ಮೈನಾ ಮಿಲ್ಲರ್ ಅವರನ್ನು ಮದುವೆಯಾದರು. ಹುಡುಗನನ್ನು ದೂರದ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಅಲ್ಲಿ ಅವನು ಹೊಂದಿಕೊಳ್ಳಲಿಲ್ಲ, ಓದು ಮುಗಿಸಲೂ ಇಲ್ಲ. ಶಾಲೆಗೆ ಹೋಗಿ ಮಾಸ್ತರರ ಎದುರು ನಿಲ್ಲುವ ನ್ಯಾನ್ಸಿ ಅವನಿಗೆ ಇರಲಿಲ್ಲ.

ಅಪ್ಪನಂತೆ ತಾನೂ ಸಂಶೋಧಕನಾಗಬೇಕೆಂದು ಒದ್ದಾಡಿದ. ನಿಮ್ಮನ್ನು ಮೆಚ್ಚಿಸುವುದು ನನ್ನಿಂದ ಎಂದಿಗೂ ಆಗಲಾರದೇನೋ ಎನ್ನುವ ಧಾಟಿಯಲ್ಲಿ ಅಪ್ಪನಿಗೇ ಪತ್ರ ಬರೆದ. (ಆ ಮನೆಯಲ್ಲಿ ನಿಜವಾಗಿ ಇದ್ದ, ಯಾರೂ ಫಾರ್ವರ್ಡ್ ಮಾಡದ ಪತ್ರ ಇದು.) ಕೊನೆಗೆ ತನ್ನ ಹೆಸರನ್ನೇ ವ್ಯಾಪಾರಿಗಳಿಗೆ ಮಾರಿದ. ಅವರು ಅದನ್ನು ಬಳಸಿ ಹತ್ತಾರು ಕಾಯಿಲೆ ವಾಸಿಮಾಡುತ್ತದೆ ಎಂದು ಮ್ಯಾಗ್ನೋ-ಎಲೆಕ್ಟ್ರಿಕ್ ವೈಟಲೈಸರ್ ಎಂಬ ಬೊಗಳೆ ಸಾಧನ ಮಾರಿದರು. ಇಂಥ ಜಾಹೀರಾತುಗಳು ಇಂದಿಗೂ ನಮ್ಮ ಇನ್‌ಬಾಕ್ಸ್ ತುಂಬುತ್ತವೆ ಎಂದುಕೊಂಡು ನಾವು ನಕ್ಕೆವು. ಮುಂದಿನದನ್ನು ಓದಿದಾಗ ನಗು ಬರಲಿಲ್ಲ. ಅಪ್ಪ ಆ ಕಂಪನಿಯ ಮೇಲೆ ಕೋರ್ಟಿಗೆ ಹೋದರು. ಮಗ ಎಡಿಸನ್ ಎಂಬ ಹೆಸರನ್ನು ವ್ಯಾಪಾರಕ್ಕೆ ಬಳಸದಿರಲು ಒಪ್ಪಿದರೆ ವಾರಕ್ಕೆ ಇಂತಿಷ್ಟು ಹಣ ಎಂದು ಒಪ್ಪಂದವಾಯಿತು. ಅವನು ಬರ್ಟನ್ ವಿಲ್ಲರ್ಡ್ ಎಂಬ ಬೇರೆ ಹೆಸರಿಟ್ಟುಕೊಂಡ, ಅಣಬೆ ಬೇಸಾಯ ಮಾಡಿದ. ಕುಡಿತ ಮತ್ತು ಖಿನ್ನತೆ ಬದುಕಿನುದ್ದಕ್ಕೂ ಕಾಡಿದವು. ಮುಂದೆ ಅಪ್ಪನ ಕಂಪನಿಯಲ್ಲೇ ಕೆಲಸ ಸಿಕ್ಕಿತು.

ಎಡಿಸನ್ ಕೆಟ್ಟ ಮನುಷ್ಯರೆಂದು ಹೇಳಲು ಇದನ್ನೆಲ್ಲ ಬರೆಯುತ್ತಿಲ್ಲ. ಎರಡನೇ ಮದುವೆಯ ಮಕ್ಕಳಲ್ಲಿ ಚಾರ್ಲ್ಸ್ ನ್ಯೂಜೆರ್ಸಿಯ ಗವರ್ನರ್ ಆದರು, ಥಿಯೋಡರ್ ಎಂಜಿನಿಯರ್ ಆದರು. ಆದರೆ ದಡ್ಡನೆಂದು ಕರೆಸಿಕೊಂಡ ಮಗು ಮುಂದೆ ಜೀನಿಯಸ್ ಆಗಿ ಎಲ್ಲರ ಬಾಯಿ ಮುಚ್ಚಿಸುತ್ತದೆ ಎಂಬ ಫಾರ್ವರ್ಡ್ ಲೆಕ್ಕದಲ್ಲಿ ಡ್ಯಾಶ್‌ಗೆ ಜಾಗವೇ ಇಲ್ಲ. 1,093 ಪೇಟೆಂಟ್ ಪಡೆಯದ ಮಗುವಿಗೂ ಯಾರಾದರೂ ಕೂತು ಕಿವಿಗೊಡಬೇಕಲ್ಲ?

ನಿಮ್ಮ ಮನೆಯ ಮಗು ಬೆಳಿಗ್ಗೆ ಶಾಲೆಯ ಹೊತ್ತಿಗೇ ಹೊಟ್ಟೆನೋವು ಎನ್ನುತ್ತಿದ್ದರೆ, ಭಾನುವಾರ ಅದೇ ನೋವು ಮಾಯವಾಗುತ್ತಿದ್ದರೆ, ನಾಟಕ ಎನ್ನುವ ಮೊದಲು ಶಾಲೆಯಲ್ಲಿ ಏನಾಯಿತು ಎಂದು ಕೇಳಿ ನೋಡಿ. ಉತ್ತರ ಅಂದೇ ಬರದಿರಬಹುದು. ನಿದ್ದೆ, ಊಟ, ಆಟ ವಾರಗಟ್ಟಲೆ ಬದಲಾಗಿದ್ದರೆ ವೈದ್ಯರನ್ನು ಕಾಣಿ. ಬದುಕು ಬೇಡ ಎನ್ನುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಮಗುವಿಗೆ ಹೊಡೆತ, ದೌರ್ಜನ್ಯ ಆಗುತ್ತಿದ್ದರೆ 1098ಕ್ಕೆ ಕರೆ ಮಾಡಿ.

ಎಡಿಸನ್ ತೀರಿಕೊಂಡದ್ದು 1931ರ ಅಕ್ಟೋಬರ್ 18ರಂದು, 84ನೇ ವಯಸ್ಸಿನಲ್ಲಿ. ಥಾಮಸ್ ಜೂನಿಯರ್ ನಾಲ್ಕು ವರ್ಷದ ನಂತರ, 1935ರಲ್ಲಿ, ಮ್ಯಾಸಚೂಸೆಟ್ಸ್‌ನ ಒಂದು ಹೋಟೆಲಿನಲ್ಲಿ ತೀರಿಕೊಂಡರು.