ಹ್ಯಾರಿಸನ್ ಸಾಲ್ಸ್‌ಬರಿ

ಹ್ಯಾರಿಸನ್ ಇವಾನ್ಸ್ ಸಾಲ್ಸ್‌ಬರಿ (ನವೆಂಬರ್ 14, 1908 – ಜುಲೈ 5, 1993) ಅಮೆರಿಕದ ಪ್ರಸಿದ್ಧ ಪತ್ರಕರ್ತರು ಹಾಗೂ ಇತಿಹಾಸ ಲೇಖಕರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೇನೆಯು ಲೆನಿನ್‌ಗ್ರಾಡ್ ನಗರಕ್ಕೆ ಹಾಕಿದ ಮುತ್ತಿಗೆಯನ್ನು ಕುರಿತು ಇವರು ಬರೆದ 'ದಿ 900 ಡೇಸ್' ಎಂಬ ಗ್ರಂಥವು 1969ರಲ್ಲಿ ಪ್ರಕಟವಾಯಿತು. ಹಸಿವಿನಿಂದ ಸತ್ತ ಲಕ್ಷಾಂತರ ನಾಗರಿಕರ ಕಥೆಯನ್ನು ಸಾಮಾನ್ಯ ಓದುಗರಿಗೆ ತಲುಪಿಸಿದ ಕೃತಿಗಳಲ್ಲಿ ಇದು ಪ್ರಮುಖವಾದುದು. 1955ರಲ್ಲಿ ಇವರಿಗೆ ಅಂತರರಾಷ್ಟ್ರೀಯ ವರದಿಗಾರಿಕೆಗಾಗಿ ಪುಲಿಟ್ಜರ್ ಪ್ರಶಸ್ತಿ ಲಭಿಸಿತು.

ಜನನ ಮತ್ತು ವಿದ್ಯಾಭ್ಯಾಸ

ಸಾಲ್ಸ್‌ಬರಿಯವರು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ ಜನಿಸಿದರು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1930ರಲ್ಲಿ ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ವಿಶ್ವವಿದ್ಯಾಲಯದ ದಿನಪತ್ರಿಕೆಗೆ ಸಂಪಾದಕರಾಗಿದ್ದರು. ಗ್ರಂಥಾಲಯದ ಕಟ್ಟಡದಲ್ಲಿ ಧೂಮಪಾನ ಮಾಡಬಾರದೆಂಬ ನಿಯಮವನ್ನು ಮೀರಿದ ಕಾರಣಕ್ಕೆ ಆಡಳಿತವು ಅವರನ್ನು ಅಮಾನತುಗೊಳಿಸಿದ್ದೂ ಉಂಟು. ಅಧಿಕಾರಸ್ಥರ ಮಾತನ್ನು ಹಾಗೆಯೇ ಒಪ್ಪಿಕೊಳ್ಳದ ಅವರ ಸ್ವಭಾವವು ಮುಂದೆ ವೃತ್ತಿಯಲ್ಲಿಯೂ ಉಳಿದುಕೊಂಡಿತು.

ಪತ್ರಿಕಾ ವೃತ್ತಿಯ ಆರಂಭ

ಪದವಿಯ ನಂತರ ಅವರು ಯುನೈಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆಯನ್ನು ಸೇರಿದರು. ಷಿಕಾಗೋ ನಗರದಲ್ಲಿದ್ದಾಗ ಕುಖ್ಯಾತ ಅಪರಾಧಿ ಅಲ್ ಕಪೋನ್‌ನ ವಿಚಾರಣೆಯನ್ನು ವರದಿ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿಗೂ, ಅನಂತರ 1944ರಲ್ಲಿ ಮಾಸ್ಕೋಗೂ ತೆರಳಿದರು. ಅದೇ ವರ್ಷ ಲೆನಿನ್‌ಗ್ರಾಡಿನ ಮುತ್ತಿಗೆ ತೆರವಾದ ಸ್ವಲ್ಪ ಕಾಲದಲ್ಲಿಯೇ ಆ ನಗರವನ್ನು ಕಣ್ಣಾರೆ ಕಂಡರು. ಮುಂದೆ ಕಾಲು ಶತಮಾನ ಕಳೆದ ಮೇಲೆ ಪ್ರಕಟವಾದ ಗ್ರಂಥಕ್ಕೆ ಮೂಲ ಪ್ರೇರಣೆ ಈ ಭೇಟಿಯೇ.

ಲೆನಿನ್‌ಗ್ರಾಡಿನ ಮುತ್ತಿಗೆ

ಸಾಲ್ಸ್‌ಬರಿಯವರ ಕೃತಿಯ ಮಹತ್ವವನ್ನು ತಿಳಿಯಲು ಆ ಮುತ್ತಿಗೆಯ ಸ್ವರೂಪವನ್ನು ಅರಿಯುವುದು ಅಗತ್ಯ. ಇಂದು ಸೇಂಟ್ ಪೀಟರ್ಸ್‌ಬರ್ಗ್ ಎಂಬ ತನ್ನ ಹಳೆಯ ಹೆಸರಿಗೆ ಮರಳಿರುವ ಲೆನಿನ್‌ಗ್ರಾಡ್ ನಗರವನ್ನು ಜರ್ಮನ್ ಸೇನೆಯು 1941ರ ಸೆಪ್ಟೆಂಬರ್ 8ರಂದು ಭೂಮಾರ್ಗದಿಂದ ಸಂಪೂರ್ಣವಾಗಿ ಸುತ್ತುವರಿಯಿತು. ಉತ್ತರ ದಿಕ್ಕಿನಲ್ಲಿ ಫಿನ್‌ಲೆಂಡಿನ ಸೇನೆ ನಿಂತಿತ್ತು. ಅಂದೇ ವಿಮಾನದಾಳಿಗೆ ಸಿಲುಕಿ ಬದಾಯೆವ್ ಉಗ್ರಾಣಗಳಲ್ಲಿದ್ದ ಹಿಟ್ಟು ಮತ್ತು ಸಕ್ಕರೆ ಸುಟ್ಟುಹೋದವು. ಆಗ ನಗರದಲ್ಲಿ ಸುಮಾರು 25 ಲಕ್ಷ ಜನರಿದ್ದರು. ಅವರಲ್ಲಿ ಸುಮಾರು 4 ಲಕ್ಷ ಮಂದಿ ಮಕ್ಕಳು. ನಗರವನ್ನು ನುಗ್ಗಿ ಗೆಲ್ಲುವುದಕ್ಕಿಂತ ಹಸಿವಿನಿಂದ ಸಾಯಿಸುವುದೇ ಹಿಟ್ಲರನ ಆಡಳಿತದ ಉದ್ದೇಶವಾಗಿತ್ತು.

ಪಡಿತರವನ್ನು ಮೇಲಿಂದ ಮೇಲೆ ಕಡಿತಗೊಳಿಸಲಾಯಿತು. 1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಕಾರ್ಮಿಕರಿಗೆ ದಿನಕ್ಕೆ 250 ಗ್ರಾಂ, ಕಚೇರಿ ನೌಕರರು, ಅವಲಂಬಿತರು ಹಾಗೂ ಮಕ್ಕಳಿಗೆ ಕೇವಲ 125 ಗ್ರಾಂ ರೊಟ್ಟಿ ದೊರೆಯುತ್ತಿತ್ತು. ಅಂಗೈಯಲ್ಲಿ ಹಿಡಿಯುವಷ್ಟೇ ಇದ್ದ ಆ ತುಂಡಿನಲ್ಲಿಯೂ ಹತ್ತಿಬೀಜದ ಹಿಂಡಿ, ಮರದ ನಾರಿನಿಂದ ತೆಗೆದ ಸೆಲ್ಯುಲೋಸ್ ಮೊದಲಾದವು ಬೆರೆತಿದ್ದವು. ವಿದ್ಯುತ್ತು, ನೀರು, ಉರುವಲು ಯಾವುದೂ ಇಲ್ಲದ ಕಡುಚಳಿಯಲ್ಲಿ ಜನರು ಶವಗಳನ್ನು ಮಕ್ಕಳ ಹಿಮಬಂಡಿಗಳ ಮೇಲೆ ಎಳೆದುಕೊಂಡು ಹೋಗುತ್ತಿದ್ದರು. ಹೆಪ್ಪುಗಟ್ಟಿದ ಲಡೋಗ ಸರೋವರದ ಮೇಲಿನ ದಾರಿಯೊಂದೇ ಆಹಾರ ಬರುವ ಮಾರ್ಗವಾಗಿತ್ತು. 1943ರ ಜನವರಿಯಲ್ಲಿ ಕಿರಿದಾದ ಭೂಮಾರ್ಗ ತೆರೆಯಿತು. 1944ರ ಜನವರಿ 27ರಂದು ಮುತ್ತಿಗೆ ಸಂಪೂರ್ಣವಾಗಿ ಕೊನೆಗೊಂಡಿತು. ಲೆಕ್ಕಕ್ಕೆ ಇದು 872 ದಿನಗಳಾಗುತ್ತವೆ; ಗ್ರಂಥದ ಹೆಸರಿನಲ್ಲಿರುವ 900 ಎಂಬುದು ಜನಬಳಕೆಯ ಪೂರ್ಣಾಂಕ.

ಮರೆಮಾಚಲ್ಪಟ್ಟ ಇತಿಹಾಸ

ಯುದ್ಧ ಮುಗಿದ ಮೇಲೆ ಲೆನಿನ್‌ಗ್ರಾಡಿನ ನೋವು ಸೋವಿಯತ್ ಆಡಳಿತಕ್ಕೆ ಮುಜುಗರದ ವಿಷಯವಾಯಿತು. ನಾಗರಿಕರ ಸಾವಿನ ಸಂಖ್ಯೆ 6,32,253 ಎಂದು ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಮಂಡಿಸಲಾಯಿತು. ನಗರದ ರಕ್ಷಣೆಯನ್ನು ಕುರಿತು ತೆರೆದಿದ್ದ ವಸ್ತುಸಂಗ್ರಹಾಲಯವನ್ನು 1949ರಲ್ಲಿ ಮುಚ್ಚಲಾಯಿತು. ಅದರ ನಿರ್ದೇಶಕರು ಬಂಧನಕ್ಕೆ ಒಳಗಾದರು. ಲೆನಿನ್‌ಗ್ರಾಡ್ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ, ಮುತ್ತಿಗೆಯ ಕಾಲದಲ್ಲಿ ನಗರವನ್ನು ಮುನ್ನಡೆಸಿದ್ದ ಕುಜ್ನೆಟ್ಸೋವ್, ಪಾಪ್ಕೋವ್ ಮುಂತಾದ ನಾಯಕರಿಗೆ 1950ರಲ್ಲಿ ಮರಣದಂಡನೆಯಾಯಿತು. ಬದುಕುಳಿದವರು ತಮ್ಮ ದಿನಚರಿಗಳನ್ನು ಹೊರಗೆ ತೋರಿಸಲು ಅಂಜುವ ಸ್ಥಿತಿ ಉಂಟಾಯಿತು.

ಈ ಕರಾಳ ವರ್ಷಗಳಲ್ಲಿ ಸಾಲ್ಸ್‌ಬರಿಯವರು ಮಾಸ್ಕೋದಲ್ಲಿಯೇ ಇದ್ದರು. 1949ರಿಂದ 1954ರವರೆಗೆ ಅವರು ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾಸ್ಕೋ ವರದಿಗಾರರಾಗಿದ್ದರು. ಅವರು ಕಳುಹಿಸುತ್ತಿದ್ದ ಪ್ರತಿಯೊಂದು ವರದಿಯೂ ಸರ್ಕಾರಿ ಪರಿಶೀಲಕರ ಕತ್ತರಿಗೆ ಸಿಕ್ಕಿಯೇ ಹೊರಗೆ ಹೋಗುತ್ತಿತ್ತು. ಕತ್ತರಿಸಿ ಉಳಿದ ಭಾಗವನ್ನಷ್ಟೇ ಓದಿದ ಅಮೆರಿಕದ ಕೆಲವರು ಅವರನ್ನು ಸೋವಿಯತ್ ಪಕ್ಷಪಾತಿಯೆಂದು ಹಳಿದರು. ಸ್ವದೇಶಕ್ಕೆ ಮರಳಿದ ಮೇಲೆ ಅವರು ಪರಿಶೀಲಕರ ಹಂಗಿಲ್ಲದೆ ಬರೆದ ಲೇಖನಮಾಲೆಗೆ 1955ರಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಆದರೆ ಅದೇ ಬರೆಹದಿಂದ ಸಿಟ್ಟಾದ ಸೋವಿಯತ್ ಸರ್ಕಾರವು ಕೆಲವು ವರ್ಷಗಳ ಕಾಲ ಅವರಿಗೆ ಪ್ರವೇಶವನ್ನು ನಿರಾಕರಿಸಿತು.

'ದಿ 900 ಡೇಸ್' ಗ್ರಂಥ

ಸ್ಟಾಲಿನ್ ನಿಧನಾನಂತರದ ವರ್ಷಗಳಲ್ಲಿ ಸೋವಿಯತ್ ದೇಶದಲ್ಲಿ ಬಿಗಿ ಸಡಿಲವಾಗಿ, ಮುತ್ತಿಗೆಯ ಬಗೆಗೆ ನೆನಪುಗಳೂ ದಿನಚರಿಗಳೂ ಅಚ್ಚಾಗತೊಡಗಿದವು. ಮುತ್ತಿಗೆಯ ಕಾಲದಲ್ಲಿ ಆಹಾರ ವಿತರಣೆಯ ಹೊಣೆ ಹೊತ್ತಿದ್ದ ಡಿಮಿಟ್ರಿ ಪಾವ್ಲೋವ್ ಅವರ ಪುಸ್ತಕ, ಕವಯಿತ್ರಿಯರಾದ ಓಲ್ಗಾ ಬೆರ್ಗೋಲ್ಟ್ಸ್ ಮತ್ತು ವೇರಾ ಇನ್ಬೆರ್ ಅವರ ಬರೆಹಗಳು ಅವುಗಳಲ್ಲಿ ಮುಖ್ಯವಾದವು. ಸೋವಿಯತ್ ಪತ್ರಾಗಾರಗಳು ಸಾಲ್ಸ್‌ಬರಿಯವರಿಗೆ ತೆರೆದಿರಲಿಲ್ಲ. ಆದ್ದರಿಂದ ಅವರು ಅಚ್ಚಾದ ನೂರಾರು ನೆನಪಿನ ಬರೆಹಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಹೋಲಿಸಿದರು, ಬದುಕುಳಿದವರೊಡನೆ ಮಾತನಾಡಿದರು, ತಾವು ಕಂಡದ್ದನ್ನೂ ಸೇರಿಸಿ ಕಥನವನ್ನು ಕಟ್ಟಿದರು.

ಗ್ರಂಥವು ಯುದ್ಧದ ಹಿಂದಿನ ದಿನಗಳಿಂದ ಆರಂಭವಾಗುತ್ತದೆ. ಜರ್ಮನಿಯ ದಾಳಿಯ ಬಗೆಗೆ ಬಂದ ಎಚ್ಚರಿಕೆಗಳನ್ನು ಸ್ಟಾಲಿನ್ ಕಡೆಗಣಿಸಿದ್ದನ್ನು ವಿಸ್ತಾರವಾಗಿ ವಿವರಿಸುತ್ತದೆ. ಅನಂತರ ಟ್ಯಾಲಿನ್ ಬಂದರಿನಿಂದ ಬಾಲ್ಟಿಕ್ ನೌಕಾಪಡೆಯು ಅಪಾರ ನಷ್ಟ ಅನುಭವಿಸಿ ಹಿಂದೆ ಸರಿದದ್ದು, ಮೊದಲ ಚಳಿಗಾಲದ ಕ್ಷಾಮ, ಲಡೋಗ ಸರೋವರದ ಹಿಮಮಾರ್ಗ, ಕೊನೆಗೆ ಲೆನಿನ್‌ಗ್ರಾಡ್ ಪ್ರಕರಣ ಹೀಗೆ ಕಥನ ಸಾಗುತ್ತದೆ. ಸೇನಾಪತಿಗಳ ನಕ್ಷೆಗಿಂತ ಜನರ ಅಡುಗೆಮನೆ, ಗ್ರಂಥಾಲಯ, ಆಸ್ಪತ್ರೆ, ರೊಟ್ಟಿಯ ಸರತಿ ಸಾಲು ಇಲ್ಲಿ ಹೆಚ್ಚು ಜಾಗ ಪಡೆದಿವೆ. ತನ್ನ ಮನೆಯವರು ಒಬ್ಬೊಬ್ಬರಾಗಿ ಸತ್ತ ದಿನಾಂಕಗಳನ್ನು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟ ಬಾಲಕಿ ತಾನ್ಯಾ ಸವಿಚೇವಾಳ ಕಥೆಯೂ ಇಲ್ಲಿದೆ.

ಸಾವಿನ ಸಂಖ್ಯೆಯ ಚರ್ಚೆ

ಗ್ರಂಥದ ಅತ್ಯಂತ ವಿವಾದಾತ್ಮಕ ಭಾಗವು ಸತ್ತವರ ಲೆಕ್ಕಕ್ಕೆ ಸಂಬಂಧಿಸಿದುದು. ಅಧಿಕೃತ ಸಂಖ್ಯೆ ಕಡಿಮೆಯೆಂದು ಸೋವಿಯತ್ ಇತಿಹಾಸಕಾರರಾದ ಕೊವಾಲ್‌ಚುಕ್ ಮತ್ತು ಸೊಬೊಲೆವ್ ಅವರು 1965ರಲ್ಲಿಯೇ ವಾದಿಸಿ, ಕನಿಷ್ಠ 8 ಲಕ್ಷ ಜನ ಸತ್ತಿರಬೇಕೆಂದು ತೋರಿಸಿದ್ದರು. ಪಾವ್ಲೋವ್ ಅವರು ಇದನ್ನು ಒಪ್ಪದೆ ಹಳೆಯ ಲೆಕ್ಕವನ್ನೇ ಸಮರ್ಥಿಸಿದರು. ನಗರ ಹಾಗೂ ಸುತ್ತಲಿನ ಪ್ರದೇಶದಲ್ಲಿ ಹಸಿವಿನಿಂದ ಸತ್ತವರೇ 10 ಲಕ್ಷಕ್ಕೂ ಹೆಚ್ಚು ಎಂಬ ತೀರ್ಮಾನಕ್ಕೆ ಸಾಲ್ಸ್‌ಬರಿಯವರು ಬಂದರು. ಇದು ಬರಿಯ ಅಂಕಿಗಳ ಜಗಳವಾಗಿರಲಿಲ್ಲ. ಲೆಕ್ಕಕ್ಕೆ ಸೇರದವರು ಸ್ಮರಣೆಗೂ ಸೇರುವುದಿಲ್ಲ ಎಂಬುದು ಇದರ ಹಿಂದಿದ್ದ ಪ್ರಶ್ನೆ.

ಸ್ವೀಕಾರ ಮತ್ತು ಟೀಕೆ

ಪಾಶ್ಚಾತ್ಯ ದೇಶಗಳಲ್ಲಿ ಗ್ರಂಥಕ್ಕೆ ಅಪಾರ ಓದುಗರು ದೊರೆತರು. ಸೋವಿಯತ್ ಪತ್ರಿಕೆಗಳು ಮಾತ್ರ ಇದನ್ನು ಕಟುವಾಗಿ ಖಂಡಿಸಿದವು. ಕಮ್ಯುನಿಸ್ಟ್ ಪಕ್ಷದ ಪಾತ್ರವನ್ನು ಕುಗ್ಗಿಸಿ, ವೀರತ್ವಕ್ಕಿಂತ ಯಾತನೆಯನ್ನೇ ಎತ್ತಿ ತೋರಿಸಲಾಗಿದೆ ಎಂಬುದು ಅವುಗಳ ಆಕ್ಷೇಪ. ಸೋವಿಯತ್ ಒಕ್ಕೂಟ ಕುಸಿದ ನಂತರವಷ್ಟೇ ಗ್ರಂಥದ ರಷ್ಯನ್ ಅನುವಾದವು ರಷ್ಯಾದೊಳಗೆ ಪ್ರಕಟವಾಯಿತು.

ವಿದ್ವಾಂಸರಿಂದಲೂ ಟೀಕೆಗಳು ಬಂದಿವೆ. ಕ್ರೆಮ್ಲಿನ್ ನಾಯಕರ ಒಳಜಗಳಗಳಿಗೆ, ಅದರಲ್ಲಿಯೂ ಜ್ದಾನೋವ್ ಮತ್ತು ಮಾಲೆಂಕೋವ್ ನಡುವಿನ ಪೈಪೋಟಿಗೆ, ಸಾಲ್ಸ್‌ಬರಿಯವರು ಅತಿಯಾದ ಒತ್ತು ಕೊಟ್ಟಿದ್ದಾರೆಂಬುದು ಅವುಗಳಲ್ಲೊಂದು. ನರಮಾಂಸ ಭಕ್ಷಣೆಯ ಪ್ರಸಂಗಗಳಲ್ಲಿ ಅವರು ಬಾಯಿಮಾತಿನ ಸುದ್ದಿಯನ್ನು ಅವಲಂಬಿಸಿದ್ದರು. ಪತ್ರಾಗಾರಗಳು ತೆರೆದ ಮೇಲೆ, ಈ ಅಪರಾಧಕ್ಕಾಗಿ ಎರಡು ಸಾವಿರದಷ್ಟು ಜನರನ್ನು ಬಂಧಿಸಲಾಗಿತ್ತೆಂಬ ಪೊಲೀಸ್ ದಾಖಲೆಗಳು ಹೊರಬಂದವು. ಹೀಗೆ ಬಿಡಿ ವಿವರಗಳು ತಿದ್ದುಪಡಿಗೆ ಒಳಗಾದರೂ, ಭೀಕರತೆ ನಡೆದದ್ದು ನಿಜವೆಂಬ ಮೂಲ ಮಾತು ಉಳಿದುಕೊಂಡಿತು.

ಇತರ ವರದಿಗಾರಿಕೆ

ಸಾಲ್ಸ್‌ಬರಿಯವರ ನಿಷ್ಠುರತೆ ಪರದೇಶಗಳಿಗೆ ಮೀಸಲಾಗಿರಲಿಲ್ಲ. 1960ರಲ್ಲಿ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕರಿಯರು ಅನುಭವಿಸುತ್ತಿದ್ದ ಭಯ ಮತ್ತು ದಬ್ಬಾಳಿಕೆಯನ್ನು ಅವರು ವರದಿ ಮಾಡಿದಾಗ, ಅಲ್ಲಿನ ಅಧಿಕಾರಿಗಳು ಅವರ ಮೇಲೂ ಪತ್ರಿಕೆಯ ಮೇಲೂ ಮಾನನಷ್ಟ ಮೊಕದ್ದಮೆ ಹೂಡಿದರು. 1963ರಲ್ಲಿ ಅಧ್ಯಕ್ಷ ಕೆನಡಿ ಅವರ ಹತ್ಯೆಯಾದಾಗ ಪತ್ರಿಕೆಯ ವರದಿಗಾರಿಕೆಯನ್ನು ನಿರ್ದೇಶಿಸಿದವರೂ ಇವರೇ.

1966ರ ಡಿಸೆಂಬರಿನಲ್ಲಿ ಅವರು ಉತ್ತರ ವಿಯೆಟ್ನಾಮಿನ ಹನೋಯ್ ನಗರಕ್ಕೆ ಹೋಗಿ, ಅಮೆರಿಕದ ಬಾಂಬ್ ದಾಳಿಗಳು ನಾಗರಿಕರ ಮನೆಗಳನ್ನೂ ನಾಶಮಾಡಿವೆಯೆಂದು ವರದಿ ಮಾಡಿದರು. ಸೇನಾ ನೆಲೆಗಳಷ್ಟೇ ತಮ್ಮ ಗುರಿಯೆಂದು ಹೇಳುತ್ತಿದ್ದ ಅಮೆರಿಕ ಸರ್ಕಾರ ಇದರಿಂದ ಇಕ್ಕಟ್ಟಿಗೆ ಸಿಲುಕಿತು. ಕೆಲವು ಅಂಕಿಅಂಶಗಳಿಗೆ ಉತ್ತರ ವಿಯೆಟ್ನಾಮ್ ಸರ್ಕಾರವೇ ಮೂಲವೆಂದು ಸ್ಪಷ್ಟವಾಗಿ ತಿಳಿಸಲಿಲ್ಲವೆಂಬ ಆಕ್ಷೇಪವೂ ಅವರ ಮೇಲೆ ಬಂದಿತು. ತೀರ್ಪುಗಾರರು ಈ ವರದಿಗಳನ್ನು ಪುಲಿಟ್ಜರ್ ಪ್ರಶಸ್ತಿಗೆ ಶಿಫಾರಸು ಮಾಡಿದರೂ ಪ್ರಶಸ್ತಿ ಮಂಡಳಿಯು ಒಂದು ಮತದ ಅಂತರದಿಂದ ಅದನ್ನು ತಳ್ಳಿಹಾಕಿತು.

ಕೊನೆಯ ವರ್ಷಗಳು

1970ರಲ್ಲಿ ದಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಸಂಪಾದಕೀಯಕ್ಕೆ ಎದುರಿನ ಪುಟದಲ್ಲಿ ಹೊರಗಿನವರ ಭಿನ್ನಾಭಿಪ್ರಾಯಗಳಿಗೆ ಜಾಗ ಮಾಡಿಕೊಟ್ಟಾಗ, ಆ ಪುಟದ ಮೊದಲ ಸಂಪಾದಕರಾಗಿ ಸಾಲ್ಸ್‌ಬರಿಯವರು ನೇಮಕಗೊಂಡರು. 1973ರಲ್ಲಿ ನಿವೃತ್ತರಾದ ಮೇಲೂ ಬರವಣಿಗೆಯನ್ನು ಬಿಡಲಿಲ್ಲ. ರಷ್ಯಾದ ಕ್ರಾಂತಿಗಳನ್ನು ಕುರಿತ ಗ್ರಂಥವು 1978ರಲ್ಲಿ ಹೊರಬಂದಿತು. 1984ರಲ್ಲಿ, ತಮ್ಮ 75ನೆಯ ವಯಸ್ಸಿನಲ್ಲಿ, ಚೀನಾದ ಕೆಂಪು ಸೇನೆಯು ಐವತ್ತು ವರ್ಷಗಳ ಹಿಂದೆ ನಡೆದ ದೀರ್ಘಯಾತ್ರೆಯ ಮಾರ್ಗದಲ್ಲಿ ಪತ್ನಿ ಷಾರ್ಲಟ್ ಅವರೊಡನೆ ಸಂಚರಿಸಿ, ಮರುವರ್ಷ ಅದರ ಇತಿಹಾಸವನ್ನು ಪ್ರಕಟಿಸಿದರು. 1989ರಲ್ಲಿ ಬೀಜಿಂಗ್ ನಗರದ ಟಿಯಾನನ್ಮೆನ್ ಚೌಕದ ಘಟನೆಯ ಸಮಯದಲ್ಲಿಯೂ ಅವರು ಚೀನಾದಲ್ಲಿದ್ದರು. 1993ರ ಜುಲೈ 5ರಂದು ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ನಿಧನರಾದರು.

ಮಹತ್ವ

ಲೆನಿನ್‌ಗ್ರಾಡಿನ ಮುಚ್ಚಿದ ವಸ್ತುಸಂಗ್ರಹಾಲಯವು 1989ರಲ್ಲಿ ಮತ್ತೆ ತೆರೆಯಿತು. ಆ ಬಳಿಕ ಬೆಳಕಿಗೆ ಬಂದ ದಿನಚರಿಗಳು ಮತ್ತು ಕಡತಗಳನ್ನು ಆಧರಿಸಿ ಹೊಸ ಇತಿಹಾಸಗಳು ರಚನೆಯಾಗಿವೆ. ಖಚಿತತೆಯಲ್ಲಿ ಅವು ಸಾಲ್ಸ್‌ಬರಿಯವರ ಗ್ರಂಥವನ್ನು ಮೀರಿಸಿವೆ. ಆದರೆ ಕಡತಗಳು ಮುಚ್ಚಿದ್ದ ಕಾಲದಲ್ಲಿ, ಸತ್ತವರ ಸಂಖ್ಯೆಯನ್ನು ಹೇಳುವುದೂ ಅಪರಾಧವೆನಿಸುತ್ತಿದ್ದ ವಿಷಯವನ್ನು ಸಾಮಾನ್ಯ ಓದುಗರ ಮುಂದೆ ವಿಸ್ತಾರವಾಗಿ ತೆರೆದಿಟ್ಟದ್ದು ಅವರ ಸಾಧನೆ. ಮುತ್ತಿಗೆಯ ಬಗೆಗೆ ಓದಲು ತೊಡಗುವವರು ಇಂದಿಗೂ ಆ ಗ್ರಂಥವನ್ನು ಕೈಗೆತ್ತಿಕೊಳ್ಳುತ್ತಾರೆ.