ಎರಡು ಸೇನೆಗಳ ನಡುವಿನ ಸಾಕ್ಷಿ: ಜನರಲ್ ತಿಮ್ಮಯ್ಯ

ಮಡಿಕೇರಿಯಲ್ಲಿ 1906ರಲ್ಲಿ ಜನಿಸಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರನ್ನು ಕೊತ್ತಪಲ್ಲಿಯ ನಮ್ಮ ಮಕ್ಕಳು ಭೂಸೇನೆಯ ಮುಖ್ಯಸ್ಥರೆಂದಷ್ಟೇ ಬಲ್ಲರು. ಯುದ್ಧ ಮಾಡದೆ ಅವರು ನಿರ್ವಹಿಸಿದ ಹೊಣೆ ಅದಕ್ಕಿಂತ ಕಠಿಣವಾದುದು. 1953ರಲ್ಲಿ ಕೊರಿಯಾದಲ್ಲಿ ಕದನ ನಿಂತಿತು. ಚೀನಾ, ಉತ್ತರ ಕೊರಿಯಾಗಳ 22,000ಕ್ಕೂ ಹೆಚ್ಚು ಸೆರೆಯಾಳುಗಳು ತಾಯ್ನಾಡಿಗೆ ಮರಳಲೊಲ್ಲೆವೆಂದರು. ಅದು ಅವರ ಸ್ವಂತ ಇಚ್ಛೆಯೋ, ಹಿಡಿದವರ ಒತ್ತಾಯವೋ? ಇದನ್ನರಿಯಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ತಾಯ್ನಾಡಿನವರು ಸೆರೆಯಾಳಿನೊಡನೆ ಮಾತನಾಡುವಾಗ ತಟಸ್ಥರು ಸಾಕ್ಷಿಗಳಾಗಿ ಕುಳಿತಿರುತ್ತಿದ್ದರು. ಶಿಬಿರದೊಳಗೆ ಬೆದರಿಕೆಗಳಿದ್ದವು, ಎರಡೂ ಪಕ್ಷಗಳು ಆಯೋಗವನ್ನೇ ದೂರಿದವು. ಅವಧಿ ಮುಗಿದಾಗ ಬಹುಪಾಲು ಜನರ ವಿಚಾರಣೆ ನಡೆದಿರಲಿಲ್ಲ. ಅವರನ್ನು ಹಿಡಿದವರಿಗೇ ಮರಳಿ ಒಪ್ಪಿಸಬೇಕಾಯಿತು. ಸಾಕ್ಷಿಗಳೇ ಇಲ್ಲದಿದ್ದರೆ ಕೆಲವರಿಗಾದರೂ ದೊರೆತ ಆ ಆಯ್ಕೆ ದೊರೆಯುತ್ತಿತ್ತೇ?

ನಿವೃತ್ತರಾದ ಬಳಿಕ, 1964ರಲ್ಲಿ, ವಿಶ್ವಸಂಸ್ಥೆ ಅವರನ್ನು ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪಕ್ಕೆ ಶಾಂತಿಪಡೆಯ ದಂಡನಾಯಕರನ್ನಾಗಿ ಕಳುಹಿಸಿತು. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿರುವಾಗಲೇ, ಅವರು ಅಲ್ಲಿ ನಿಧನರಾದರು.